ಏಣಿ ಕಳಿಸಿದ ಮಧ್ಯಾಹ್ನ

ಪ್ರತಿಮಾಳಿಗೆ ಕಣ್ಣು ಮುಚ್ಚಿದರೆ ಏಣಿ ಕಾಣುತ್ತಿತ್ತು. ಬೇರೆಯವರ ಕನಸಿಗೆ ದೇವರು ಬರುತ್ತಾನೆ, ದೆವ್ವ ಬರುತ್ತದೆ, ಕಡೆಗೆ ಲೆಕ್ಕದ ಮೇಷ್ಟ್ರಾದರೂ ಬರುತ್ತಾರೆ. ಇವಳ ಕನಸಿಗೆ ಬರುತ್ತಿದ್ದದ್ದು ಅರಸೀಕೆರೆಯ ತನ್ನ ಗಂಡನ ಮನೆಯ ಹಿಂದಿನ ಕೋಣೆಯಲ್ಲಿ ಅಟ್ಟಕ್ಕೆ ಒರಗಿಸಿಟ್ಟ ಮರದ ಏಣಿ. ಮಾವನವರ ಅಪ್ಪನ ಕಾಲದ್ದು. ನಡುವಿನ ಒಂದು ಮೆಟ್ಟಿಲು ಬಿರುಕು ಬಿಟ್ಟು, ಅದಕ್ಕೆ ತೆಂಗಿನ ಹುರಿ ಸುತ್ತಿತ್ತು. ಕನಸಿನಲ್ಲಿ ಆ ಹುರಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇಲೆ, ಎಪ್ಪತ್ತಾರರ ಮಾವ ಜಯದೇವಪ್ಪನವರು ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಲ್ಲಿ ಏಣಿ ಹಿಡಿದಂತೆ ನಟಿಸುತ್ತಾ ಹತ್ತುತ್ತಿದ್ದರು.

ಎಚ್ಚರವಾದ ಮೇಲೂ ಅವರು ಹತ್ತುತ್ತಲೇ ಇರುತ್ತಿದ್ದರು. ಅದೇ ತೊಂದರೆ.

ಆ ಮನೆಯದು ತಲೆತಲಾಂತರದಿಂದ ಕೊಬ್ಬರಿ ವ್ಯಾಪಾರ. ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ವರ್ಷದ ಹತ್ತಿರ ಅಲ್ಲೇ ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗುಂಡಗೆ ಉರುಳಾಡಬೇಕು. ಅದು ಆಯಿತೋ ಇಲ್ಲವೋ ತಿಳಿಯಲು ಒಂದೇ ದಾರಿ: ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದು. ಗುಳುಗುಳು ಅಂದರೆ ಇನ್ನೂ ಇರಲಿ. ಗಡಗಡ ಅಂದರೆ ಆಯಿತು. ಸೊಸೆ ಪಕ್ಕದಲ್ಲೇ ನಿಂತು ‘ಹತ್ತಬೇಡಿ’ ಎಂದು ಕೂಗಿದರೂ ಕೇಳಿಸದ ಮಾವನವರ ಕಿವಿಗೆ ಮೂರು ಪದರದ ಸಿಪ್ಪೆಯೊಳಗೆ ಕೊಬ್ಬರಿ ಮಗ್ಗುಲು ಬದಲಿಸಿದ್ದು ಕೇಳಿಸುತ್ತಿತ್ತು. ದೇವರು ಕಿವಿ ಕೊಡುವಾಗಲೂ ಪಕ್ಷಪಾತ ಮಾಡುತ್ತಾನೆ.

ಮೈಸೂರಿನಲ್ಲಿ ಓದಿ ಬೆಳೆದ ಪ್ರತಿಮಾ ಸುಮ್ಮನೆ ಕೂರುವ ಪೈಕಿ ಅಲ್ಲ. ಮಗಳು ಸಿರಿಗೆ ದ್ರಾಕ್ಷಿಯನ್ನೂ ನಾಲ್ಕು ಸೀಳು ಮಾಡಿ ಕೊಡುವ ತಾಯಿ ಅವಳು. ನಾಲ್ಕು ವರ್ಷದ ಹುಡುಗಿಯನ್ನು ಹಾಗೆ ಕಾಪಾಡಿದವಳಿಗೆ ಇಬ್ಬರು ಹಿರಿಯರನ್ನು ಕಾಪಾಡುವುದು ಏನು ಮಹಾ? ‘ಈ ಮನೆಯಲ್ಲಿ ಇನ್ನು ಮುಂದೆ ಯಾರೂ ಜಾರಬಾರದು, ಎಡವಬಾರದು, ಬೀಳಬಾರದು’ ಎಂದು ಅವಳು ನಿಶ್ಚಯಿಸಿದಳು. ಭೀಷ್ಮನ ಪ್ರತಿಜ್ಞೆಗೂ ಇಷ್ಟು ಸದ್ದಿರಲಿಲ್ಲ.

ಮೊದಲು ಬಚ್ಚಲಿಗೆ ಹಿಡಿದುಕೊಳ್ಳುವ ಕಂಬಿ ಬಂತು. ವೆಲ್ಡಿಂಗ್ ಅಂಗಡಿಯ ಮರಿಯಣ್ಣ ಗೋಡೆ ಕೊರೆದು ಕೂರಿಸಿದ. ಆಮೇಲೆ ಹೊಸಿಲಿಗೆ ಹಳದಿ ಹೊಳೆಯುವ ಟೇಪು ಬಂತು. ಅತ್ತೆ ಬಸಮ್ಮನವರು ಬೆಳಗ್ಗೆ ಹೊಸಿಲಿಗೆ ಅರಿಶಿನ ಕುಂಕುಮ ಇಡಲು ಕೂತವರು ಟೇಪನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇದೇನಮ್ಮ ಪ್ರತಿಮಾ, ನಮ್ ಹೊಸಿಲು ಲಾರಿ ಹಿಂದ್ಗಡೆ ಇದ್ದಂಗೈತೆ?”

“ಅತ್ತೆ, ಕತ್ತಲಲ್ಲಿ ಎಡವಬಾರದು ಅಂತ.”

“ಐವತ್ತು ವರ್ಷದಿಂದ ದಾಟ್ತಿದೀನಿ ಕಣಮ್ಮ. ಆ ಹೊಸಿಲಿಗೆ ನನ್ ಕಾಲಿನ ಪರಿಚಯ ಐತೆ.” ಎಂದರೂ ಟೇಪನ್ನು ಕೀಳಲಿಲ್ಲ. ಅದರ ಮೇಲೇ ಅರಿಶಿನ ಹಚ್ಚಿದರು. ಬಚ್ಚಲಿನ ಕಂಬಿಯನ್ನಂತೂ ಅವರು ಒಳಗೊಳಗೇ ಮೆಚ್ಚಿದ್ದರು. ಬಾಯಿಬಿಟ್ಟು ಹೇಳದೆ ದಿನವೂ ಅದಕ್ಕೆ ಟವೆಲ್ ಹಾಕುತ್ತಿದ್ದರು.

ಮೂರನೆಯದು ಫೋನು. ದೊಡ್ಡ ದೊಡ್ಡ ಗುಂಡಿಗಳ ಫೋನಿಗೆ ದಾರ ಕಟ್ಟಿ ಮಾವನವರ ಕೊರಳಿಗೆ ಹಾಕಿದಳು. “ಮಾವ, ಏನೇ ತೊಂದರೆ ಆದರೂ ಒಂದನ್ನ ಒತ್ತಿ ಸಾಕು. ನನಗೆ ಬರುತ್ತೆ.”

“ಕೊರಳಿಗೆ ಲಿಂಗ ಒಂದು ಸಾಕಾಗಿತ್ತಲ್ಲಮ್ಮ,” ಎಂದರು ಜಯದೇವಪ್ಪ. ಆದರೂ ಹಾಕಿಕೊಂಡರು. ಸೊಸೆಯ ಮನಸ್ಸು ನೋಯಿಸಬಾರದೆಂಬ ಒಳ್ಳೆಯ ಮನುಷ್ಯ.

ಉಳಿದದ್ದು ಏಣಿ. ಅದರ ಮಾತೆತ್ತಿದರೆ ಗಂಡ ರಾಜಶೇಖರ್ ಕೈಮುಗಿಯುತ್ತಿದ್ದ. “ಪ್ರತಿಮಾ, ಏಣಿ ತಂಟೆಗೆ ಹೋಗ್ಬೇಡ. ಅಪ್ಪ ಒಂದ್ಸಲ ಜಾರಲಿ, ಅವತ್ತೇ ಅಟ್ಟ ಖಾಲಿ ಮಾಡಿಸಿ ಕಾಯೆಲ್ಲ ಮಂಡಿಗೆ ಹಾಕ್ಸಿಬಿಡ್ತೀನಿ. ಅಲ್ಲೀವರ್ಗೂ ಅವರ ಪಾಡಿಗೆ ಅವರು ಇರ್ಲಿ.”

ಜಾರುವವರೆಗೂ ಕಾಯುವುದೆ? ಇದು ಯಾವ ಊರ ನ್ಯಾಯ?

ಆ ಗುರುವಾರ ಬಸಮ್ಮನವರು ತಂಗಿಯ ಸೊಸೆಯ ಸೀಮಂತಕ್ಕೆಂದು ಬೇಲೂರಿನ ಬಸ್ಸು ಹತ್ತಿದರು. ರಾಜಶೇಖರ್ ಹಳೇಬೀಡಿನ ಕಡೆ ಯಾರದೋ ತೋಟದ ಕಾಯಿ ನೋಡಲು ಹೋದ. ಮನೆಯಲ್ಲಿ ಉಳಿದವರು ಪ್ರತಿಮಾ, ಸಿರಿ, ಮಾವನವರು ಮತ್ತು ಏಣಿ. ಪ್ರತಿಮಾ ಬೆಳಗ್ಗೆಯೇ ಆಜ್ಞೆ ಹೊರಡಿಸಿದಳು.

“ಮಾವ, ಇವತ್ತಿಂದ ಅಟ್ಟ ಬೇಡ. ದಯವಿಟ್ಟು.”

“ಆಯ್ತಮ್ಮ,” ಎಂದರು ಮಾವ, ತೀರಾ ಬೇಗ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಊಟವಾಯಿತು. ಮಾವನವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಪಡಸಾಲೆಯ ಮಂಚಕ್ಕೆ ನಡೆದರು. ಪ್ರತಿಮಾ ಸಿರಿಯನ್ನು ತಟ್ಟಿ ಮಲಗಿಸಿ ಮೆಲ್ಲನೆ ಬಂದು ಇಣುಕಿದಳು. ಮಂಚದ ಮೇಲೆ ಶಾಲು ತಲೆಯವರೆಗೆ ಎಳೆದು ಮಾವ ಮಲಗಿದ್ದರು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಿಲಿಗೆ ಹೋಗಿ, ಮೊದಲೇ ಬರಹೇಳಿದ್ದ ಮರಿಯಣ್ಣನಿಗೆ ಬಾಗಿಲು ತೆರೆದಳು.

“ಮಾವನವರು ಮಲಗಿದಾರೆ. ಸದ್ದು ಮಾಡದೆ ಎತ್ಕೊಂಡು ಹೋಗಿ. ನಾನು ಹೇಳೋವರೆಗೂ ನಿಮ್ಮ ಅಂಗಡೀಲೇ ಇರ್ಲಿ.”

“ಅಕ್ಕಾ, ದೊಡ್ಡೋರನ್ನ ಒಂದ್ ಮಾತು ಕೇಳಿದ್ರಾ?”

“ಕೇಳಿದ್ರೆ ಕೊಡ್ತಾರಾ?”

ಅದೂ ನಿಜವೇ ಅನ್ನಿಸಿತು ಮರಿಯಣ್ಣನಿಗೆ. ಏಣಿಯನ್ನು ಹೆಗಲಿಗೇರಿಸಿ, ಹಿತ್ತಿಲ ಬಾಗಿಲ ಚಿಲಕವನ್ನು ಹೊರಗಿನಿಂದ ಹಾಕಿಕೊಂಡು ಹೋದ. ಹೆಣ ಸಾಗಿಸಿದಷ್ಟು ಗುಟ್ಟಾಗಿ ಏಣಿ ಆ ಮನೆ ಬಿಟ್ಟಿತು. ಪ್ರತಿಮಾ ಎಷ್ಟೋ ತಿಂಗಳ ಮೇಲೆ ನಿರಾಳವಾಗಿ ಉಸಿರು ಬಿಟ್ಟಳು.

ನಾಲ್ಕು ಗಂಟೆಗೆ ಕಾಫಿ ಹಿಡಿದು ಪಡಸಾಲೆಗೆ ಬಂದಳು. “ಮಾವ, ಕಾಫಿ.” ಉತ್ತರವಿಲ್ಲ. “ಮಾವ, ಮಾತ್ರೆ ತಗೊಂಡಿದೀರಿ, ಏನಾದ್ರೂ ತಿನ್ಬೇಕು.” ಅಲುಗಾಟವಿಲ್ಲ. ಭುಜ ಮುಟ್ಟಿದಳು. ಭುಜ ಮೆತ್ತಗೆ ಒಳಗೆ ಹೋಯಿತು. ಶಾಲು ಸರಿಸಿದಳು.

ಎರಡು ದಿಂಬು. ಒಂದರ ಮೇಲೊಂದು, ಅಚ್ಚುಕಟ್ಟಾಗಿ, ತಲೆಯ ಜಾಗಕ್ಕೆ ಮಾವನವರ ಟೋಪಿ.

ಬಚ್ಚಲು ನೋಡಿದಳು, ಹಿತ್ತಿಲ ಕಿಟಕಿಯಿಂದ ಬಾವಿಕಟ್ಟೆ ನೋಡಿದಳು, ಮಂಚದ ಕೆಳಗೂ ನೋಡಿದಳು. ಕೊನೆಗೆ ಮಾವನವರ ಫೋನಿಗೆ ಕರೆ ಮಾಡಿದಳು. ಹಿಂದಿನ ಕೋಣೆಯ ಚಾವಣಿಯಿಂದ, ಸಾಕ್ಷಾತ್ ಕೈಲಾಸದಿಂದ ಬಂದಂತೆ, ಗಂಟೆ ಬಾರಿಸಿತು. ಅವಳು ಓಡಿದಳು. ಅಟ್ಟದ ಬಾಯಿಯಲ್ಲಿ ಜಯದೇವಪ್ಪನವರ ಮುಖ ಕಾಣಿಸಿತು. ಹುಬ್ಬಿಗೆಲ್ಲ ತೆಂಗಿನ ನಾರಿನ ಧೂಳು.

“ಪ್ರತಿಮಾ, ಏಣಿ ಎಲ್ಲಮ್ಮ?”

“ಮಾವ, ನೀವು ಮಲಗಿರಲಿಲ್ವಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಉತ್ತರ ಗೊತ್ತಿತ್ತು.

ಮರಿಯಣ್ಣನಿಗೆ ಫೋನು ಮಾಡಿದಳು. ವೆಲ್ಡಿಂಗ್ ಮಾಡುವವನಿಗೆ ಫೋನು ಕೇಳಿಸೀತೆ? ಬಾರಿಸಿ ಬಾರಿಸಿ ನಿಂತಿತು. ಮಲಗಿದ ಸಿರಿಯನ್ನು ಬಿಟ್ಟು ಅಂಗಡಿಯವರೆಗೆ ಓಡುವಂತೆಯೂ ಇರಲಿಲ್ಲ. ಎದುರು ಮನೆಯವರು ಮದುವೆಗೆ ಹೋಗಿದ್ದರು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಅದು ಓಡುವಾಗ ಕೂಗಿದರೆ ತನ್ನ ಕೂಗು ತನಗೇ ಕೇಳಿಸುವುದಿಲ್ಲ. ರಾಜಶೇಖರನಿಗೆ ಮಾಡಲೇ ಎಂದು ಕೇಳಿದ್ದೇ ತಡ, ಅಟ್ಟದಿಂದ ದನಿ ಬಂತು.

“ಶೇಖರನಿಗೆ ಬ್ಯಾಡ ಕಣಮ್ಮ. ಅವನು ಅಟ್ಟ ಖಾಲಿ ಮಾಡಿಸ್ತಾನೆ. ನಾನು ಇಲ್ಲೇ ಆರಾಮಾಗಿದೀನಿ.” ಸ್ವಲ್ಪ ತಡೆದು, “ಕೈ ಒಂಚೂರು ನಡುಗ್ತೈತೆ, ಅಷ್ಟೆ.”

ಅಷ್ಟೆ! ಮಾತ್ರೆ ನುಂಗಿದ ಮೇಲೆ ಇಷ್ಟು ಹೊತ್ತು ಹೊಟ್ಟೆಗೇನೂ ಹಾಕದ ಮುದುಕರ ಕೈ ನಡುಗಿದರೆ ಏನರ್ಥವೆಂದು ಪ್ರತಿಮಾಳಿಗೆ ಚೆನ್ನಾಗಿ ಗೊತ್ತಿತ್ತು. ಬಾಳೆಹಣ್ಣು ತಂದು ಮೇಲಕ್ಕೆಸೆದಳು. ಅದು ಮಾವನವರ ತಲೆಯ ಮೇಲಿಂದ ಹಾರಿ ಕಾಯಿಗಳ ನಡುವೆ ಎಲ್ಲೋ ಅಂತರ್ಧಾನವಾಯಿತು. ಇನ್ನೊಂದು ತೊಲೆಗೆ ಬಡಿದು ಅವಳ ತಲೆಯ ಮೇಲೇ ಬಂತು. ಇನ್ನು ತಡಮಾಡುವಂತಿರಲಿಲ್ಲ. ಊಟದ ಮೇಜನ್ನು ಎಳೆದು ತಂದಳು. ಮೇಜಿನ ಮೇಲೆ ಕುರ್ಚಿ ಇಟ್ಟಳು. ‘ಹಿರಿಯರಿರುವ ಮನೆಯಲ್ಲಿ ಯಾರೂ ಕುರ್ಚಿ ಹತ್ತಬಾರದು’ ಎಂದು ಹೋದ ವಾರ ತಾನೇ ಉಪದೇಶ ಮಾಡಿದ ಕುರ್ಚಿ. ಫೋನನ್ನು ಮೇಜಿನ ಮೂಲೆಯಲ್ಲಿಟ್ಟು, ಸೆರಗಿಗೆ ಬಾಳೆಹಣ್ಣು, ಬಿಸ್ಕತ್ತು, ಸಕ್ಕರೆ ಡಬ್ಬಿ ಕಟ್ಟಿಕೊಂಡು ಹತ್ತಿದಳು.

“ನೋಡ್ಕೊಂಡು ಕಣಮ್ಮ, ಕುರ್ಚಿ ಅಲ್ಲಾಡ್ತೈತೆ,” ಎಂದರು ಮೇಲಿನಿಂದ ಮಾವ.

“ನನಗೇನಾಗಲ್ಲ, ನೀವು ಹಿಂದಕ್ಕೆ ಸರೀರಿ.”

ಇದೇ ಮಾತನ್ನು ದಿನವೂ ಬಾಯಿ ಅದಲುಬದಲಾಗಿ ಆಡುತ್ತಿದ್ದೆವಲ್ಲ ಎಂದು ಹೊಳೆಯುವಷ್ಟರಲ್ಲಿ ಅವಳು ಅಟ್ಟದ ಅಂಚಿಗೆ ಹೊಟ್ಟೆ ಊರಿ, ಕೊನೆಯ ಒದೆತ ಕೊಟ್ಟಳು. ಅವಳು ಮೇಲೆ ಬಂದಳು. ಕುರ್ಚಿ ಕೆಳಗೆ ಹೋಯಿತು.

ಮಾವ ಸಕ್ಕರೆ ಬಾಯಿಗೆ ಹಾಕಿಕೊಂಡರು, ಹಣ್ಣು ತಿಂದರು, ಬಿಸ್ಕತ್ತು ತಿಂದರು. ಕೈ ನಡುಕ ನಿಲ್ಲುವವರೆಗೆ ಪ್ರತಿಮಾ ಅವರ ಕೈಯನ್ನೇ ಹಿಡಿದು ಕೂತಿದ್ದಳು. ಆಮೇಲೆ ಕೆಳಗೆ ನೋಡಿದಳು. ಮೇಜಿಗೂ ಅವಳ ಕಾಲಿಗೂ ನಡುವೆ ಒಂದಾಳು ಗಾಳಿ. ತಲೆ ಗಿರ್ರೆಂದಿತು. ಮೊಣಕಾಲು ತಾನಾಗಿ ಕುಣಿಯಿತು.

ಕುರ್ಚಿ ಬಿದ್ದ ಸದ್ದಿಗೆ ಸಿರಿ ಎದ್ದು ಬಂದಳು. ಕಣ್ಣುಜ್ಜಿ ಮೇಲೆ ನೋಡಿದಳು. “ಅಮ್ಮ, ನಾನೂ ಬರ್ತೀನಿ,” ಎಂದು ಮೇಜಿಗೆ ಕಾಲಿಟ್ಟಳು.

“ಬೇಡ ಪುಟ್ಟಾ! ಇಳಿ!” ಪ್ರತಿಮಾಳಿಗೆ ದಿಕ್ಕು ತೋಚಲಿಲ್ಲ. ಮಾವನವರ ಕೊರಳಿನ ಫೋನು ಕಂಡಿತು. ಅಪಾಯ ಬಂದರೆ ಒಂದನ್ನು ಒತ್ತಿ. ಒತ್ತಿದಳು.

ಕೆಳಗೆ ಮೇಜಿನ ಮೂಲೆಯಲ್ಲಿ ಅವಳದೇ ಫೋನು ಹಾಡತೊಡಗಿತು. ಸಿರಿ ಇಳಿದು ಅದನ್ನು ಎತ್ತಿಕೊಂಡು ಕಿವಿಗಿಟ್ಟಳು. “ಹಲೋ. ಅಮ್ಮ ಇಲ್ಲ. ಅಟ್ಟದ ಮೇಲಿದಾರೆ. ಆಮೇಲೆ ಮಾಡಿ.” ಇಟ್ಟೇಬಿಟ್ಟಳು.

ಆ ಫೋನಿನಲ್ಲಿ ಬೇರೆ ಯಾರ ನಂಬರೂ ಇರಲಿಲ್ಲ. ಮಾವನಿಗೆ ಗೊಂದಲವಾಗಬಾರದೆಂದು ತನ್ನದೊಂದನ್ನೇ ಹಾಕಿಕೊಟ್ಟಿದ್ದಳು ಮಹಾತಾಯಿ.

ಜಯದೇವಪ್ಪನವರು ಗಂಟಲು ಸರಿಮಾಡಿಕೊಂಡರು. “ಸಿರವ್ವಾ, ನನ್ ಮಂಚದ ಮೇಲೆ ಎರಡು ದಿಂಬು ಮಲಗವೆ. ಎದ್ದು ಓಡಿಹೋಗ್ದಂಗೆ ಕಾಯ್ಕೊಂಡಿರ್ತೀಯಾ?”

“ಅವು ಓಡಲ್ಲ ತಾತ,” ಎಂದಳು ಸಿರಿ. ಮೋಸ ಹೋಗುವವಳು ಈ ಮನೆಯಲ್ಲಿ ಅವಳ ತಾಯಿಯೊಬ್ಬಳೇ.

ಮಗಳ ಕೈಗೆ ಫೋನು ಕೊಡುವುದಿಲ್ಲ ಎಂಬುದು ಪ್ರತಿಮಾಳ ಇನ್ನೊಂದು ಶಪಥ. ಅದನ್ನು ಅವಳು ಅಟ್ಟದ ಮೇಲಿಂದಲೇ ಕೈಬಿಟ್ಟಳು. “ಪುಟ್ಟಾ, ತಾತನ ಮಂಚದ ಮೇಲೆ ಕೂತ್ಕೊಂಡು ಕಾರ್ಟೂನ್ ನೋಡು. ಇಳೀಬಾರದು.”

“ಎಷ್ಟ್ ಹೊತ್ತು?”

“ಎಷ್ಟ್ ಹೊತ್ತಾದ್ರೂ.”

ಸಿರಿ ಇನ್ನೊಂದು ಮಾತಾಡದೆ ಹೋದಳು. ಪಡಸಾಲೆಯಿಂದ ಕಾರ್ಟೂನಿನ ಸದ್ದು ಬರತೊಡಗಿತು. ಅಟ್ಟದ ಮೇಲೆ ಮಾವ ಸೊಸೆ ಕಾಯಿರಾಶಿಗೆ ಒರಗಿ ಕೂತರು. ಮಾವ ಅಭ್ಯಾಸಬಲದಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದರು.

“ಮಾವ, ಬೇಡ ಅಂದ್ರೂ ಯಾಕೆ ಹತ್ತಿದ್ರಿ? ಬಿದ್ದಿದ್ರೆ?”

“ನಂಗೂ ಭಯ ಕಣಮ್ಮ,” ಎಂದರು ಅವರು, ಕಾಯಿ ನೋಡುತ್ತಲೇ. “ಹೋದ ಹಬ್ಬದಿಂದ ಆ ಹುರಿ ಕಟ್ಟಿರೋ ಮೆಟ್ಲಿಗೆ ಬಂದ್ರೆ ಮಂಡಿ ಹಿಡೀತೈತೆ. ಶಿವಾ ಅಂತ ನಿಂತ್ಕೊಂಡು ಆಮೇಲೆ ಹತ್ತೀನಿ.”

“ಹೇಳಬಾರದಿತ್ತಾ?”

“ಹೇಳಿದ್ರೆ ಹತ್ಬ್ಯಾಡ ಅಂತೀರಿ. ಹಿಡ್ಕೊಳಾಕೆ ಏನಾರ ಮಾಡ್ಕೊಡ್ತೀವಿ ಅಂತ ಯಾರಂತೀರಿ?” ಕಾಯಿ ಕೆಳಗಿಟ್ಟರು. “ಇಲ್ಲಿ ಮ್ಯಾಲೆ ನಾನು ಕಾಯಿ ಅಲ್ಲಾಡ್ಸಿ ನೋಡ್ತೀನಿ. ಕೆಳಗೆ ನೀವೆಲ್ಲ ದಿನಾ ನನ್ನ ಅಲ್ಲಾಡ್ಸಿ ನೋಡ್ತೀರಿ. ಗಟ್ಟಿ ಐತೋ, ಕೊಳೆತೈತೋ ಅಂತ.”

ಪ್ರತಿಮಾಳಿಗೆ ನಗು ಬಂತು. ಜೊತೆಗೆ ಕಣ್ಣೂ ತುಂಬಿತು. ಬಚ್ಚಲಿನಲ್ಲಿ ಕಂಬಿ ಹಾಕಿಸಿದಾಗ ಅತ್ತೆಗೆ ಸ್ನಾನ ಮಾಡಬೇಡಿ ಎಂದು ಹೇಳಿರಲಿಲ್ಲ. ಅಟ್ಟಕ್ಕೆ ಮಾತ್ರ ಹೋಗಲೇಬೇಡಿ ಎಂದಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ಇದುವರೆಗೆ ಮಾಡಿದ್ದೆಲ್ಲಕ್ಕಿಂತ ಗಟ್ಟಿಯಾದ ನಿರ್ಧಾರ ಮಾಡಿದಳು.

“ಮಾವ, ಇವರ ನಂಬರ್ ಹೇಳಿ.”

ಗಂಡನ ನಂಬರು ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ಮಾವನವರು ಒಮ್ಮೆ ಅವಳ ಮುಖ ನೋಡಿದರು. “ಅಟ್ಟ ಹೋಯ್ತದೆ ಕಣಮ್ಮ.”

“ಹೋಗಲ್ಲ. ಹೇಳಿ.”

ಅವರು ಹತ್ತೂ ಅಂಕಿಗಳನ್ನು ತಡವರಿಸದೆ ಹೇಳಿದರು. ಮೊದಲ ರಿಂಗಿಗೇ ರಾಜಶೇಖರ್ ಎತ್ತಿಕೊಂಡ.

“ಅಪ್ಪಾ? ಏನಾಯ್ತು?”

“ನಾನು ಕಣ್ರೀ. ಯಾರೂ ಬಿದ್ದಿಲ್ಲ. ಮಾವನವರು ಅಟ್ಟದ ಮೇಲಿದಾರೆ, ಚೆನ್ನಾಗಿದಾರೆ. ನಾನೂ ಇಲ್ಲೇ ಇದೀನಿ. ಏಣಿ ಮರಿಯಣ್ಣನ ಅಂಗಡೀಲಿದೆ. ಅದನ್ನ ಕಳಿಸಿದ್ದು ನಾನು, ಅವರದೇನೂ ತಪ್ಪಿಲ್ಲ. ಇವತ್ತಿಗೆ ಅದನ್ನೇ ತರ್ಸಿ. ಆದ್ರೆ ನಾಳೆಯಿಂದ ಅಟ್ಟಕ್ಕೆ ಅಗಲವಾದ ಮೆಟ್ಟಿಲು ಬೇಕು, ಎರಡೂ ಕಡೆ ಹಿಡಿಯೋಕೆ ಕಂಬಿ ಬೇಕು, ಒಂದು ದೀಪ ಬೇಕು. ಮಾವನವರು ದಿನಾ ಹತ್ತುತ್ತಾರೆ. ನೀವು ಹೂಂ ಅನ್ನೋವರೆಗೂ ನಾವಿಬ್ಬರೂ ಇಲ್ಲಿಂದ ಇಳಿಯಲ್ಲ.”



“ಪ್ರತಿಮಾ,” ಎಂದ ರಾಜಶೇಖರ್, “ಇಳಿಯಲ್ವೋ, ಇಳಿಯಕ್ಕಾಗಲ್ವೋ?”

ಪ್ರತಿಮಾ ಅಟ್ಟದ ಅಂಚಿನಿಂದ ಇನ್ನೊಮ್ಮೆ ಕೆಳಗೆ ಬಗ್ಗಿ ನೋಡಿ, ಬೇಗ ಹಿಂದಕ್ಕೆ ಸರಿದಳು. “ಎರಡೂ.”

“ಸರಿ, ಮೆಟ್ಲು ಮಾಡ್ಸೋಣ. ಮರಿಯಣ್ಣನಿಗೆ ಆಳು ಕಳಿಸಿ ಹೇಳಿಸ್ತೀನಿ, ನಾನೂ ಹೊರಟೆ.” ನಗು ತಡೆದುಕೊಂಡ ದನಿ ಅದು. “ಅದ್ಸರಿ, ಅಲ್ಲೇನದು ಗಡಗಡ ಅಂತ ಶಬ್ದ? ಅಪ್ಪ ಇನ್ನೂ ಕಾಯಿ ಅಲ್ಲಾಡಿಸ್ತಾನೇ ಇದಾರಾ?”

ಪ್ರತಿಮಾ ಮಾವನವರತ್ತ ನೋಡಿದಳು. ಅವರು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

“ಇಲ್ಲ ಕಣ್ರೀ,” ಎಂದಳು, “ಅದು ನನ್ನ ಮೊಣಕಾಲು. ಬೇಗ ಬನ್ನಿ.”