ಗ್ರಾಫಿಕ್ಸ್ ಕಾರ್ಡಿಗೆ ಮೂರು ಕೊಟೇಶನ್

"ಆಗುವುದಿಲ್ಲ" ಎನ್ನುವ ಗಂಡನ ಜೊತೆ ಜಗಳವಾಡಬಹುದು, ಮಾತು ಬಿಡಬಹುದು, ಒಂದು ಹೊತ್ತು ಊಟ ಬಿಟ್ಟು ಹೆದರಿಸಬಹುದು. "ನೋಡುವ" ಎನ್ನುವ ಗಂಡನ ಜೊತೆ ಏನೂ ಮಾಡಲು ಬರುವುದಿಲ್ಲ. ನಮ್ಮ ಉಡುಪಿ ಕಡೆ ಈ ಮಾತಿಗೆ ಬಹಳ ಚಲಾವಣೆ. ಕೇಳಿದವರಿಗೆ ಆಸೆ ಹುಟ್ಟುತ್ತದೆ, ಹೇಳಿದವರಿಗೆ ಖರ್ಚಿಲ್ಲ. ನನ್ನ ಗಂಡ ಮದುವೆಯಾದಂದಿನಿಂದ ನನಗೆ ಒಮ್ಮೆಯೂ ಆಗುವುದಿಲ್ಲ ಎಂದವರಲ್ಲ. ಊರಿಗೆ ಹೋದಾಗಲೆಲ್ಲ ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ಇವರು ದುಬೈಯ ಒಂದು ಕಂಪೆನಿಯಲ್ಲಿ ಖರೀದಿ ವಿಭಾಗದವರು. ಒಂದು ಡಬ್ಬಿ ಮೊಳೆ ಬೇಕಾದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಹೋಲಿಸಿ ನೋಡಿ, ಕಡಿಮೆ ದರದ್ದನ್ನು ಆರಿಸುವುದು ಇವರ ಉದ್ಯೋಗ. ಆ ಅಭ್ಯಾಸ ಸಂಜೆ ಟೈ ಬಿಚ್ಚಿದ ಮೇಲೂ ಬಿಡುವುದಿಲ್ಲ. ಹಿಂದೊಮ್ಮೆ ನಮ್ಮ ಫ್ರಿಜ್ ಕೆಟ್ಟು, ಇವರು ಹೊಸದನ್ನು ಆರಿಸಿ ತರುವಷ್ಟರಲ್ಲಿ ನಾವಿರುವ ಕರಾಮದಲ್ಲಿ ಬೇಸಿಗೆಯೇ ಮುಗಿದಿತ್ತು. ನನಗಿಂತ ಮೊದಲು ಇಬ್ಬರು ಹುಡುಗಿಯರನ್ನು ನೋಡಿ ಬಂದಿದ್ದರಂತೆ, ಮೂರನೆಯವಳು ನಾನು. ಕಡಿಮೆ ದರದವಳು ನಾನೇ ಇದ್ದಿರಬೇಕು.

ನಾನು ಇಂಟೀರಿಯರ್ ಡಿಸೈನ್ ಓದಿದವಳು, ಮದುವೆಗೆ ಮೊದಲು ಮಂಗಳೂರಿನಲ್ಲಿ ಕೆಲಸವನ್ನೂ ಮಾಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲಿ ನಾನು ಗೃಹಿಣಿ, ಕೆಲಸ ಮಾಡುವಂತಿಲ್ಲ. ಹಾಗೆ ಬರೆದವರು ನಮ್ಮ ಮನೆಯ ಸಿಂಕನ್ನು ನೋಡಿದವರಲ್ಲ. ಇರಲಿ. ಒಂದು ವರ್ಷ ಶೀಬಾ ಎಂಬ ಮಲಯಾಳಿ ಹೆಂಗಸಿನ ಪರಿಚಯವಾಯಿತು. ಮನೆಗಳ ಒಳಾಂಗಣ ಮಾಡಿಕೊಡುವ ಸಣ್ಣದೊಂದು ಆಫೀಸು ಅವಳದು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದಲ್ಲಿ ಅತಿಥಿಗಳು ಕೂರುವ ಮಜ್ಲಿಸ್ ಕೋಣೆಯ ಕೆಲಸ ಅವಳಿಗೆ ಬಂದಿತ್ತು. ಆ ಕೋಣೆ ಸಿದ್ಧವಾದ ಮೇಲೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸು, ಚೆನ್ನಾಗಿದ್ದರೆ ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ, ಕಾಗದಪತ್ರವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದಳು. ಮನೆಯವರು ಈದ್‌ಗೆ ಹೊಸ ಮಜ್ಲಿಸಿನಲ್ಲಿ ಕೂರಬೇಕಂತೆ. ಹಾಗಾಗಿ ಚಿತ್ರ ರಂಜಾನ್ ಶುರುವಾಗುವ ಮೊದಲೇ ಬೇಕಿತ್ತು. ನನಗೆ ಅಂದು ಸಂಜೆ ಅನ್ನ ಸೇರಲಿಲ್ಲ, ಅಷ್ಟು ಖುಷಿ.

ನಮ್ಮ ಕಂಪ್ಯೂಟರು ಇವರ ಆಫೀಸಿನಲ್ಲಿ ಹಳತಾಯಿತೆಂದು ಸಿಬ್ಬಂದಿಗೆ ಮಾರಿದ್ದು. ಪತ್ರ ಟೈಪ್ ಮಾಡುತ್ತದೆ, ಊರಿನವರ ಮುಖ ತೋರಿಸುತ್ತದೆ. ಮಜ್ಲಿಸಿನ ದಿಂಬು, ಪರದೆ, ದೀಪ ಎಲ್ಲವನ್ನೂ ತುಂಬಿ ಚಿತ್ರ ಮಾಡು ಎಂದರೆ ಇಡೀ ದಿನ ಗುರ್ ಎಂದು ಕಡೆಗೆ ಕಣ್ಣು ಮುಚ್ಚುತ್ತದೆ. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸಾಕೆಂದು ಇವರಿಗೆ ಹೇಳಿದೆ. ನೋಡುವ, ಎಂದರು.

ನೋಡಿದರು. ಡಬ್ಬಿ ಬಿಚ್ಚಿ, ಒಳಗಿನ ಬಿಡಿಭಾಗಗಳಿಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಪೆಟ್ಟಿಗೆಯ ಮೇಲಿನ ಚೀಟಿ ಓದಿ, ದೊಡ್ಡ ರೋಗ ಪತ್ತೆಯಾದ ಡಾಕ್ಟರರ ಹಾಗೆ ತಲೆ ಅಲ್ಲಾಡಿಸಿದರು. ಇದರ ಶಕ್ತಿ ಸಾಲದು, ದೊಡ್ಡ ಕಾರ್ಡ್ ಹಾಕಿದರೆ ಎಲ್ಲ ಸುಟ್ಟುಹೋದೀತು ಎಂದರು. ಅಂದಿನಿಂದ ಕಡಿಮೆ ಕರೆಂಟ್ ತಿನ್ನುವ, ಕಡಿಮೆ ಬೆಲೆಯ, ಆದರೆ ದೊಡ್ಡ ಕಾರ್ಡಿನಷ್ಟೇ ದುಡಿಯುವ ಕಾರ್ಡಿಗಾಗಿ ಹುಡುಕಾಟ ಶುರುವಾಯಿತು. ಅಂಥದ್ದೊಂದು ಮನೆಯಲ್ಲೇ ಅಡುಗೆ ಮಾಡಿಕೊಂಡಿದೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಇವರ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಚರ್ಚೆಯಾಯಿತು. ಮಗ ಯಾವ ಗೇಮ್ ಆಡುತ್ತಾನೆ ಎಂದು ಎಲ್ಲರೂ ಕೇಳಿದರು. ನಮಗಿರುವುದು ಒಬ್ಬಳೇ ಮಗಳು, ಬಣ್ಣದ ಪೆನ್ಸಿಲ್ ಕಚ್ಚುವ ವಯಸ್ಸಿನವಳು. ಕಾರ್ಡ್ ಯಾವ ಕೆಲಸಕ್ಕೆ ಎಂದು ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಬರ್ ದುಬೈಯ ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೋಗಿ ಬರೋಣ ಎಂದರೆ ಅದಕ್ಕೂ ಒಂದು ತಡೆ. ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆ ಕಟ್ಟಡದ ಕೆಳಗೆ ಸಿಕ್ಕ ಪಾರ್ಕಿಂಗ್ ಜಾಗವನ್ನು ಕರಾಮದಲ್ಲಿ ಯಾರೂ ಭಾನುವಾರದವರೆಗೆ ಬಿಟ್ಟುಕೊಡುವುದಿಲ್ಲ. ಕಾರು ತೆಗೆದರೆ ಜಾಗ ಹೋಗುತ್ತದೆ, ಬಿಸಿಲಿಗೆ ನಡೆದರೆ ತಲೆನೋವು ಬರುತ್ತದೆ. ಹೀಗೆ ಶುಕ್ರವಾರಗಳು ಒಂದೊಂದಾಗಿ ಕಳೆದವು. ಫೋನಿನಲ್ಲಿ ವಿಚಾರಿಸುತ್ತಿದ್ದೇನೆ, ಎರಡು ಕೊಟೇಶನ್ ಬಂದಿದೆ, ಇನ್ನೊಂದು ಬರಲಿ, ಎನ್ನುತ್ತಿದ್ದರು.

ರಂಜಾನ್ ಹತ್ತಿರ ಬಂತು. ಶೀಬಾ ಫೋನ್ ಮಾಡಿ, ಇನ್ನು ತಡವಾದರೆ ಕಷ್ಟ ಎಂದಳು. ಎರಡು ದಿನ ಬಿಟ್ಟು ಇವರು ಆಫೀಸಿಗೂ ಮಗಳು ಶಾಲೆಗೂ ಹೋದ ಮೇಲೆ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಇವರು ಯಾವಾಗಲೂ ಹೆಸರೆತ್ತುತ್ತಿದ್ದ ಅಂಗಡಿಗೇ ಹೋದೆ. ಭಟ್ಕಳದ ಸಾಹೇಬರು, ಮೃದು ಮಾತಿನವರು. ವಿಷಯ ಹೇಳಿ ಗಂಡನ ಹೆಸರು ಹೇಳಿದ ಕೂಡಲೇ ಅವರ ಮುಖ ಅರಳಿತು.

"ಓ, ನೀವಾ? ನಾನು ಸರ್‌ಗೆ ಮೊದಲನೇ ದಿನವೇ ಹೇಳಿದ್ದೆ, ಪವರ್ ಸಪ್ಲೈ ಕೂಡ ಬದಲು ಮಾಡಿಬಿಡಿ, ಖಲಾಸ್, ಅರ್ಧ ಗಂಟೆಯ ಕೆಲಸ ಅಂತ. ಅವರೇ, ಅರ್ಜೆಂಟ್ ಎಂತ ಇಲ್ಲ ಭಾಯ್, ಮನೆಯಲ್ಲಿ ಹೆಂಗಸರಿಗೆ ಟೈಮ್‌ಪಾಸ್‌ಗೆ ಅಂದ್ರು."

ಅವರು ಸಹಜವಾಗಿ ಹೇಳಿದರು. ನಾನೂ ಸಹಜವಾಗಿ ನಕ್ಕೆ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಅವರು ಹಳೆಯ ಪೆಟ್ಟಿಗೆ ಬಿಚ್ಚಿ ಹೊಸತನ್ನೂ ಕಾರ್ಡನ್ನೂ ಹಾಕುವುದನ್ನು ನೋಡಿದೆ. ನಿಜಕ್ಕೂ ಅರ್ಧ ಗಂಟೆಯ ಕೆಲಸ. ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಯಾರ ಪರವಾಗಿ ನಾಚಿಕೊಂಡೆ ಎಂದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಮನೆಗೆ ಬಂದು ಕೂತರೆ, ಸಾಂಬಾರು ಕುದಿಯುವಷ್ಟರಲ್ಲಿ ಮಜ್ಲಿಸ್ ಎದ್ದು ನಿಂತಿತು. ದಿಂಬಿನ ಮೇಲೆ ದೀಪದ ಬೆಳಕು ಬಿದ್ದದ್ದು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಮಾಡಿದ್ದೆಂದು ನಂಬಿಕೆ ಬರಲಿಲ್ಲ. ಶೀಬಾಗೆ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿ, ಬಹಳ ಸುಂದರವಾಗಿದೆ, ಆದರೆ ನಿನ್ನೆ ಸಂಜೆ ಬೇರೊಬ್ಬ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡುಬಿಟ್ಟೆ ಎಂದಳು. ಅವಳ ಸ್ವರದಲ್ಲಿ ನಿಜವಾದ ಬೇಸರವಿತ್ತು, ಅದರಿಂದ ಇನ್ನೂ ಹೆಚ್ಚು ನೋವಾಯಿತು.

ಸಂಜೆ ಇವರು ಬಂದರು. ಪವರ್ ಸಪ್ಲೈ ಬದಲಿಸಬಹುದೆಂದು ನಿಮಗೆ ಗೊತ್ತಿತ್ತಲ್ಲ ಎಂದು ಕೇಳಿದೆ. ಟೈ ಬಿಚ್ಚುತ್ತಾ, "ಬಿಲ್ ಇಟ್ಟುಕೊಂಡಿದ್ದೀಯಾ? ವಾರಂಟಿಗೆ ಬೇಕು" ಎಂದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಒಳ್ಳೆ ಸ್ಪೀಡುಂಟು ಎಂದು ಮೆಚ್ಚಿಕೊಂಡರು. ಈಗ ಅದರಲ್ಲಿ ಕಾರ್ ರೇಸ್ ಆಡುತ್ತಾರೆ. ಆ ಆಟದಲ್ಲಿ ಪಾರ್ಕಿಂಗಿನ ಚಿಂತೆಯಿಲ್ಲ.

ಈದ್ ಕಳೆದ ಮೇಲೆ ಒಂದು ಶುಕ್ರವಾರ ಇವರ ಸಹೋದ್ಯೋಗಿಯೊಬ್ಬರು ಹೆಂಡತಿಯ ಜೊತೆ ನಮ್ಮಲ್ಲಿಗೆ ಬಂದರು. ಆಕೆ ವನಿತಾ, ಕುಂದಾಪುರದಿಂದ ಹೊಸದಾಗಿ ಬಂದವಳು. ಹಾಲ್‌ನಲ್ಲಿ ಇವರು ಕಂಪ್ಯೂಟರ್ ತೋರಿಸುತ್ತಾ, ಅವಸರ ಮಾಡದೆ ಆರಿಸಿದ್ದಕ್ಕೆ ಇಷ್ಟು ಒಳ್ಳೆಯದು ಸಿಕ್ಕಿತು ಎನ್ನುತ್ತಿದ್ದರು. ವನಿತಾ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಅವಳಿಗೆ ಮನೆಯಿಂದಲೇ ಪಾಠ ಹೇಳಿಕೊಡುವ ಕೆಲಸವೊಂದು ಸಿಗುವ ಹಾಗಿದೆಯಂತೆ. ಕಂಪ್ಯೂಟರ್ ಬೇಕು, ಗಂಡ ವಿಚಾರಿಸುತ್ತಿದ್ದಾರಂತೆ.

"ಅಕ್ಕ, ನೀವೇ ಹೇಳಿ, ಇವರನ್ನು ಕಾಯುವುದಾ, ನಾನೇ ಹೋಗಿ ತಂದುಬಿಡುವುದಾ?"

ಹೇಳಲು ಬಾಯಿ ತೆರೆದೆ. ಹಾಲ್‌ನಿಂದ ಇವರ ನಗು ಕೇಳಿಸಿತು. ನಾನು ಡಬ್ಬಿ ಹೊತ್ತುಕೊಂಡು ಹೋದ ಕಥೆ ಹೇಳಿದರೆ ಈ ಹೊಸ ಹುಡುಗಿಯ ಮುಂದೆ ನಮ್ಮ ಮನೆಯ ಮರ್ಯಾದೆ ಏನಾದೀತು ಎನಿಸಿತು.

"ಅವಸರ ಎಂತಕ್ಕೆ ಮಾರಾಯ್ತಿ? ನಮ್ಮ ಮನೆಯವರನ್ನು ಕೇಳು. ಇಂಥದ್ದೆಲ್ಲ ಇವರಿಗೇ ಚೆನ್ನಾಗಿ ಗೊತ್ತುಂಟು" ಎಂದೆ.

ವನಿತಾ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಸರಿ ಅಕ್ಕ, ಎಂದು ಹಾಲ್‌ಗೆ ಹೋದಳು. ನಾನು ಬಾಣಲೆಯ ಎಣ್ಣೆಯಲ್ಲಿ ಕರಿಯುತ್ತಿದ್ದ ಅಂಬಡೆ ಮಗುಚಿ ಹಾಕಿದೆ.