ಸಣ್ಣ ಇಂಜಿನ್ನೂ ತಿಮ್ಮಕ್ಕನವರೂ

ಪಿಕಪ್ ಕೊಳ್ಳುವಾಗ ಹೆಂಡತಿಯ ಮಾತು ಕೇಳಬಾರದೆಂದು ಗೌರೀಶನಿಗೆ ಯಾರು ಹೇಳಿಕೊಟ್ಟರೋ, ಆ ಪುಣ್ಯಾತ್ಮ ಚೆನ್ನಾಗಿರಲಿ. ಚಾಮರಾಜಪೇಟೆಯಲ್ಲಿ ಗೌರೀಶನದು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೂ ಅವನೇ, ಸಾವಿಗೂ ಅವನೇ. ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಟ್ರೈಲರಿನಲ್ಲಿ ಎಳೆಯಬೇಕು, ದೊಡ್ಡ ಇಂಜಿನ್ನಿನದೇ ತನ್ನಿ ಎಂದು ಹೆಂಡತಿ ದಾಕ್ಷಾಯಣಮ್ಮ ಬಡಿದುಕೊಂಡಳು. ಅವನು ಸಣ್ಣದನ್ನೇ ತಂದ. ಲೀಟರಿಗೆ ಹದಿನೇಳು ಕಿಲೋಮೀಟರ್ ಎಂದು ಕಂಪನಿಯ ಕಾಗದದಲ್ಲೇ ಅಚ್ಚಾಗಿತ್ತಲ್ಲ! (ಹಾಗೆ ಅಳೆದವನು ಗಾಡಿಯ ಹಿಂದೆ ಏನನ್ನೂ ಕಟ್ಟಿಕೊಂಡಿರಲಿಲ್ಲ, ಬಹುಶಃ ಹೆಂಡತಿಯನ್ನೂ.) ಗಾಡಿ ಎಳೆಯದಿದ್ದರೆ ಈ ಮನೆಯಲ್ಲಿ ಇನ್ನು ಕೊನೆಯ ಮಾತು ನಿನ್ನದೇ ಎಂದು ಪ್ರತಿಜ್ಞೆಯನ್ನೂ ಮಾಡಿದ. ಹದಿನೆಂಟು ವರ್ಷದಿಂದ ಅದು ಅವಳದೇ ಆಗಿತ್ತು, ನಿಜ. ಆದರೆ ಅಧಿಕೃತವಾಗಿ ಹಸ್ತಾಂತರವಾಗಿರಲಿಲ್ಲ.

ಹನುಮಂತನಗರದಲ್ಲಿ ತಿಮ್ಮಕ್ಕ ಎಂಬ ಮುದುಕಿ ತೀರಿಕೊಂಡಾಗ ಗಾಡಿ ಪೆಟ್ಟಿಗೆಯನ್ನು ಸಲೀಸಾಗಿ ಎಳೆದುಕೊಂಡು ಹೋಯಿತು. ಮರುದಿನ ಮಧ್ಯಾಹ್ನ ಹೆಣ ಹೊರಟ ಮೇಲೆ ಖಾಲಿ ಪೆಟ್ಟಿಗೆಯನ್ನು ಟ್ರೈಲರಿಗೆ ಹತ್ತಿಸಿದರು. ಸಾವಿನ ಮನೆಯಲ್ಲಿ 'ಹೋಗಿ ಬರ್ತೀನಿ' ಅನ್ನಬಾರದು, ಯಾರನ್ನೂ 'ಬನ್ನಿ' ಎಂದು ಕರೆಯಬಾರದು. ಸುಮ್ಮನೆ ಎದ್ದು ಹೋಗಬೇಕು. ಗೌರೀಶನದು ಮದುವೆಮನೆಯಲ್ಲಿ ಪಳಗಿದ ಬಾಯಿ. ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಬನ್ನಿ, ನಮ್ಮನೇಲೇ ಊಟ ಮಾಡೋಣ" ಎಂದು ಆಳುಗಳನ್ನು ಕರೆದ. ತಿರುಗಿ ನೋಡಿದರೆ ಆಳುಗಳು ಆಗಲೇ ಆಟೋ ಹತ್ತಿ ಹೋಗಿಯಾಗಿತ್ತು.

ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ಎರಡನೇ ಗೇರಿಗೆ ಬಂತು, ಮೊದಲನೆಯದಕ್ಕೂ ಬಂತು. ಮೀಟರಿನಲ್ಲಿ ಮೈಲೇಜು ಒಂಬತ್ತು, ಏಳು, ಐದು ಎಂದು ಇಳಿಯಿತು. ಗಾಡಿ ನಿಲ್ಲಿಸಿ ಹೋಗಿ ನೋಡಿದ. ಪೆಟ್ಟಿಗೆ ಖಾಲಿ. ಟ್ರೈಲರಿನ ಸ್ಪ್ರಿಂಗು ಮಾತ್ರ ಒಂದು ಪಕ್ಕಕ್ಕೆ ಕುಗ್ಗಿತ್ತು. ತಲೆ ಇಡುವ ಕಡೆಯ ಗಾಜಿನ ಮೇಲೆ ಒಳಗಿನಿಂದ ಆವಿ ಕಟ್ಟುತ್ತಿತ್ತು, ಆರುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಗೌರೀಶ ಓಡಿಬಂದು ಗಾಡಿ ಹತ್ತಿ ಬಾಗಿಲು ಹಾಕಿಕೊಂಡ. ಆದರೂ ತಪ್ಪು ಇಂಜಿನ್ನಿನದಲ್ಲ ಎಂದು ಒಳಗೊಳಗೇ ಒಂದು ಸಮಾಧಾನ.

ಮನೆ ಮುಂದೆ ದಾಕ್ಷಾಯಣಮ್ಮ ಮೊದಲು ಕೇಳಿದ್ದೇ ಮೈಲೇಜು. ಅವನು ನಡೆದದ್ದನ್ನೆಲ್ಲ ಒದರಿಬಿಟ್ಟ. ಅವಳು ನಗಬಹುದು ಎಂದುಕೊಂಡಿದ್ದ, ನಗಲಿಲ್ಲ. ಟ್ರೈಲರನ್ನು ಒಮ್ಮೆ ನೋಡಿ, ಸೆರಗು ಹೊದ್ದು, ಕೈ ಮುಗಿದಳು.

"ಇಳೀರಮ್ಮ. ಊಟಕ್ಕೆ ಕರೆದವರೇ ಬಿಸಿಲಲ್ಲಿ ಕೂರಿಸಿಬಿಟ್ರು."

ಸ್ಪ್ರಿಂಗು ಕಿರ್ರೆಂದು ಮೇಲೆದ್ದಿತು. ಅವಳು ಗಂಡನಿಗೆ, ಈಗ ಅದೇ ಏರನ್ನು ಒಂದು ಸಲ ಹತ್ತಿಸಿ ಬನ್ನಿ ಎಂದು ಹೇಳಿ ಒಳಗೆ ಹೋದಳು.

ಗಾಡಿ ಮೂರನೇ ಗೇರಿನಲ್ಲೇ ಏರು ಹತ್ತಿತು. ಪೆಟ್ಟಿಗೆ ಹಿಂದಿದ್ದೂ ಹದಿನೈದು! ಕೊನೆಯ ಮಾತು ತನ್ನದೇ ಎಂದು ಘೋಷಿಸಲು ಗೌರೀಶ ದಂಡಯಾತ್ರೆ ಮುಗಿಸಿದ ಮಹಾರಾಜನಂತೆ ಮನೆಗೆ ಬಂದ. ನಡುಮನೆಯಲ್ಲಿ ಎಲೆ ಹಾಕಿತ್ತು. ಅನ್ನ ಸಾರು ಬಡಿಸಿತ್ತು, ಮಣೆಯ ಮೇಲೆ ಯಾರೂ ಇರಲಿಲ್ಲ, ಅನ್ನ ಮಾತ್ರ ಅರ್ಧ ಆಗಿತ್ತು. ಎದುರಿಗೆ ದಾಕ್ಷಾಯಣಮ್ಮ ಕೂತು, ಅತ್ತೆಯ ಮುಂದೆಯೂ ತೋರಿಸದಿದ್ದ ವಿನಯದಿಂದ ತಲೆಯಾಡಿಸುತ್ತಿದ್ದಳು.

"ಹದಿನೈದು ಬಂತು ಕಣೇ" ಎಂದ ಗೌರೀಶ.

ಅವಳು ತಿರುಗಿ ನೋಡದೆ ಕೈಯೆತ್ತಿ ತಡೆದಳು.

"ಸ್ವಲ್ಪ ಸುಮ್ನಿರಿ. ತಿಮ್ಮಕ್ಕನವರು ಕೇಳ್ತಿದಾರೆ, ದೊಡ್ಡ ಇಂಜಿನ್ ಯಾಕೆ ತಗೊಳ್ಲಿಲ್ಲ ಅಂತ."