ತಗಡಿನ ಬೋಗಿಗೆ ಕೊಂಡಿ ಹುಡುಕಿದ್ದು

ನಮ್ಮ ಕಡೆ ಮಗಳಿಗೆ ಗಂಡು ಗೊತ್ತು ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಹಿರಿಯರು ಬಂದು ಜಮಖಾನದ ಮೇಲೆ ಕೂತು, ಚಹಾ ಕುಡಿದು, ಎಲೆಗೆ ಸುಣ್ಣ ಹಚ್ಚುವ ಹೊತ್ತಿಗೆ ಎರಡು ಮನೆತನ ಕೂಡಿಬಿಟ್ಟಿರುತ್ತವೆ. ನನ್ನ ಮದುವೆಯೂ ಹಾಗೆಯೇ ಆಯಿತು. ಆ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಹೆಂಡತಿಯದು ಏನಾದರೂ ಇದೆಯೋ ಎಂದು ಕೇಳುವ ಧೈರ್ಯ ಮಾಡಿಲ್ಲ. ಆದರೆ ಎರಡು ತಗಡಿನ ಬೋಗಿಗಳನ್ನು ಒಂದಕ್ಕೊಂದು ಕೂಡಿಸಲು ಯಾವ ಕೊಂಡಿ ಒಳ್ಳೆಯದೆಂದು ತೀರ್ಮಾನಿಸಲು ಮಾತ್ರ ನನಗೆ ಒಂದು ಮುಂಗಾರು, ಒಂದು ಹಿಂಗಾರು ಪೂರ್ತಿ ಹಿಡಿದವು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ರೈಲು ಹತ್ತಬೇಕೆಂದರೆ ಮಾನ್ವಿಯವರು ಬಸ್ಸು ಹಿಡಿದು ರಾಯಚೂರಿಗೆ ಹೋಗಬೇಕಿತ್ತು. ನಮ್ಮ ಊರಿನಲ್ಲಿ ಓಡುತ್ತಿದ್ದ ಏಕೈಕ ರೈಲು ನಮ್ಮ ಮನೆಯ ನಡುಕೋಣೆಯಲ್ಲಿತ್ತು. ಮಂಚದಷ್ಟು ಅಗಲದ ಹಲಗೆ, ಅದರ ಮೇಲೆ ದುಂಡಗೆ ಹಳಿ, ಚಾವಿ ಕೊಟ್ಟರೆ ಓಡುವ ಇಂಜಿನ್ನು. ಇಂಜಿನ್ನನ್ನೂ ಕೆಲವು ಬೋಗಿಗಳನ್ನೂ ರಾಯಚೂರಿನ ಪೇಟೆಯಲ್ಲಿ ಕೊಂಡಿದ್ದೆ. ಉಳಿದ ಬೋಗಿಗಳು ದೇವದುರ್ಗದಲ್ಲಿ ನೆಲೆಸಿದ್ದ ನಿವೃತ್ತ ರೈಲ್ವೆ ಗಾರ್ಡೊಬ್ಬರವು. ಅವರ ಸೊಸೆ ಒಲೆಯ ಹತ್ತಿರದ ಅಟ್ಟವನ್ನು ಖಾಲಿ ಮಾಡುತ್ತಿದ್ದಾಗ ಅವರು ಕಣ್ಣು ತುಂಬಿಕೊಂಡು ನನಗೆ ಧಾರೆ ಎರೆದುಕೊಟ್ಟರು.

ತೊಂದರೆ ಶುರುವಾದದ್ದೇ ಅಲ್ಲಿ. ರಾಯಚೂರಿನ ಬೋಗಿಗಳಿಗೆ ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಬಳೆ. ದೇವದುರ್ಗದವಕ್ಕೆ ಎರಡೂ ತುದಿಗೆ ಬಾಗಿದ ಬೆರಳುಗಳ ಹಾಗಿನ ಹಿಡಿ. ಮೆಲ್ಲಗೆ ತಳ್ಳಿದರೆ ತಾವೇ ಕೈಕೈ ಹಿಡಿಯುತ್ತಿದ್ದವು. ಎರಡೂ ಪಂಗಡ ತಮ್ಮವರೊಂದಿಗೆ ಚೆನ್ನಾಗಿದ್ದವು. ಅಕ್ಕಪಕ್ಕ ನಿಲ್ಲಿಸಿದರೆ ಮಾತ್ರ, ಊಟದ ಪಂಕ್ತಿಯಲ್ಲಿ ಮುನಿಸಿಕೊಂಡ ಬೀಗರಂತೆ ಮುಖ ತಿರುವುತ್ತಿದ್ದವು. ಒಂದಾಗಿ ಓಡಬೇಕೆಂದರೆ ಯಾರಾದರೊಬ್ಬರು ತಮ್ಮ ಪದ್ಧತಿ ಬಿಡಬೇಕು. ಕೊಕ್ಕೆ ಗಟ್ಟಿ, ಆದರೆ ಒಂದು ಬೋಗಿ ಬಿಡಿಸಲು ಹೋದರೆ ಅದರ ನೆರೆಯವರೂ ಗಾಳಿಯಲ್ಲಿ ತೂಗಾಡುತ್ತಿದ್ದರು. ಹಿಡಿ ಬಲು ನಯ, ಆದರೆ ಹಲಗೆಯ ಜೋಡಣೆಯ ಸಂದು ಬಂದಲ್ಲಿ ಕೈ ಬಿಡುತ್ತಿತ್ತು. ಇಂಜಿನ್ನು ಒಂದೇ ಬೋಗಿ ಕಟ್ಟಿಕೊಂಡು ಹಗುರಾಗಿ ಮುಂದೆ ಹೋಗುತ್ತಿತ್ತು. ಕಸಬರಿಗೆ ಹಿಡಿದು ಅದೇ ದಾರಿಯಲ್ಲಿ ಬರುತ್ತಿದ್ದ ನನ್ನ ಹೆಂಡತಿ ನಿಂತು, "ಹಿಂದಿನವ್ರು ಬಸ್ಸಿಗೆ ಬರ್ತಾರೇನ್ರಿ?" ಎಂದು ಕೇಳುತ್ತಿದ್ದಳು.

ನಿಜವಾದ ರೈಲು ಇದನ್ನು ಹೇಗೆ ನಿಭಾಯಿಸುತ್ತದೆಂದು ನೋಡಲು ರಾಯಚೂರಿಗೆ ಹೋದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಎರಡು ಬೋಗಿಗಳ ನಡುವೆ ಇಣುಕುತ್ತಿದ್ದ ನನ್ನನ್ನು ಒಬ್ಬ ಟಿಕೆಟ್ ಕಲೆಕ್ಟರು ಕಂಡರು. ಯಾವ ಗಾಡಿಗೆ ಹೋಗಬೇಕು ಎಂದರು. ಯಾವುದಕ್ಕೂ ಇಲ್ಲ, ಸುಮ್ಮನೆ ನಡುವಿನ ಜಾಗ ನೋಡುತ್ತಿದ್ದೇನೆ ಎಂದೆ. ಅವರು ನನ್ನ ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಚಹಾ ತರಿಸಿ, ಮನೆಯಲ್ಲಿ ಹಿರಿಯರು ಯಾರಿದ್ದಾರೆ, ಹೆಂಡತಿಯೊಂದಿಗೆ ಎಲ್ಲ ಸರಿಯಿದೆಯೇ ಎಂದು ಬಹಳ ಮೆತ್ತಗೆ ವಿಚಾರಿಸಿದರು. ಮಾನ್ವಿ ಬಸ್ಸು ಹತ್ತಿಸುವವರೆಗೂ ಜೊತೆಗೇ ಇದ್ದರು. ಕೊಂಡಿಯ ಅಧ್ಯಯನ ಅಷ್ಟಕ್ಕೇ ನಿಂತಿತು.

ಅಷ್ಟರಲ್ಲಿ ಸುಗ್ಗಿ ಬಂತು. ನಮ್ಮ ಮಾವ ಮಲ್ಲಟದವರು; ವರ್ಷಕ್ಕಾಗುವಷ್ಟು ಬಿಳಿ ಜೋಳವನ್ನು ತಾವೇ ಬಂಡಿಯಲ್ಲಿ ತಂದು ಹಾಕುವುದು ವಾಡಿಕೆ. ಚೀಲವನ್ನು ನೆಲದ ಮೇಲಿಟ್ಟರೆ ಗೆದ್ದಲು. ಮನೆಯಲ್ಲಿದ್ದ ಹಲಗೆ ಒಂದೇ. ಹೆಂಡತಿ ನ್ಯಾಯವಾಗಿಯೇ ಮಾತಾಡಿದಳು: "ನೋಡ್ರಿ, ಅಪ್ಪ ಬರೂದ್ರಾಗ ನಿಮ್ಮ ರೈಲು ಎಲ್ಲಾರನ್ನೂ ಕರಕೊಂಡು ಒಂದು ಸುತ್ತು ಬಂತಂದ್ರ ಹಲಗಿ ನಿಮ್ದು. ಇಲ್ಲಂದ್ರ ಜ್ವಾಳದ್ದು."

ಮನುಷ್ಯನಿಗೆ ಗಡುವು ಬಿದ್ದರೆ ಬುದ್ಧಿ ಬರುತ್ತದೆ. ನಾನು ಕೊಕ್ಕೆಯನ್ನೂ ಕಿತ್ತೆ, ಹಿಡಿಯನ್ನೂ ಕಿತ್ತೆ. ತಾಮ್ರದ ತಂತಿಯ ಸಣ್ಣ ಬಳೆಗಳನ್ನು ಮಾಡಿ, ಸರಪಳಿಯ ಹಾಗೆ ಒಂದರೊಳಗೊಂದು ಸಿಕ್ಕಿಸಿ, ಬಾಯಿಗೆಲ್ಲ ಬೆಸುಗೆ ಹಾಕಿಬಿಟ್ಟೆ. ಇನ್ನು ರಾಯಚೂರು, ದೇವದುರ್ಗ ಎಂಬ ಭೇದವಿಲ್ಲ, ಕೂಡಿದವು ಕೂಡಿದವೇ. ಚಾವಿ ಕೊಟ್ಟೆ. ರೈಲು ಇಡಿಯಾಗಿ ಸುತ್ತು ಬಂತು. ದುರದೃಷ್ಟವೆಂದರೆ ಹೆಂಡತಿ ಆಗ ನೀರಿಗೆ ಹೋಗಿದ್ದಳು.

ಆ ಸಂಜೆಯೇ ಮಾವ ಬಂಡಿ ಹೊಡೆದುಕೊಂಡು ಬಂದರು. ಚೀಲಗಳನ್ನು ಪಡಸಾಲೆಗೆ ಇಳಿಸಿದೆವು. ಬೆಳಿಗ್ಗೆ ಎಲ್ಲರೂ ಚಹಾ ಕುಡಿದ ಮೇಲೆ ಅವರನ್ನೂ ಹೆಂಡತಿಯನ್ನೂ ಹಲಗೆಯ ಮುಂದೆ ಕೂರಿಸಿ, ಚಾವಿಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದರು.

"ಅಳಿಯಂದ್ರ, ಇವತ್ತ ಅಮಾಸಿ. ಹೂಡಬಾರದ್ರಿ. ಕೊಳ್ಳ ಬಿಚ್ರಿ."

ಅಮಾವಾಸ್ಯೆಗೆ ನಮ್ಮ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ; ಹೂಡಿದ್ದರೆ ಕೊರಳು ಬಿಚ್ಚಿ ಬಿಡುತ್ತಾರೆ. ಮಾವ ಹಿಂದಿನ ದಿನವೇ ಬಂದದ್ದೂ ಅದಕ್ಕೇ. ಇದು ತಗಡಿನದು ಎಂದು ವಿನಯದಿಂದ ತಿಳಿಸಿದೆ.

"ತಗಡಿದ್ರೇನ್ರಿ, ಎಳಿತದಲ್ಲ. ಎಳಿಯೂದಕ್ಕ ಅಮಾಸಿ ಅದ."

ರಾಯಚೂರಿನ ರೈಲು ಇವತ್ತೂ ಓಡುತ್ತಿದೆಯಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. "ಅದು ಸರ್ಕಾರದ್ದು. ಇದು ಮನಿದು," ಎಂದರು. ಆಮೇಲೆ ತಾವೇ ಬಗ್ಗಿ ಇಂಜಿನ್ನಿನ ಕೊರಳು ಬಿಡಿಸಲು ನೋಡಿದರು. ಬಳೆ ಬಿಚ್ಚಲಿಲ್ಲ. ಮುಂದಿನದನ್ನು ನೋಡಿದರು. ಅದೂ ಬಿಚ್ಚಲಿಲ್ಲ. ಇದು ಬಿಚ್ಚುವುದಿಲ್ಲ, ಬೆಸುಗೆ ಹಾಕಿದ್ದೇನೆ ಎಂದೆ.

"ಹಂಗಾರ ರಾತ್ರಿಯೆಲ್ಲಾ ಹಿಂಗ ಹೂಡೇ ನಿಲ್ಲಿಸಿದ್ರೇನ್ರಿ?"

ಮದುವೆಯಾದಾಗಿನಿಂದ ಮಾವ ನನ್ನನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದೇ ಇಲ್ಲ. ಬಳಿಕ ಮಗಳ ಕಡೆ ತಿರುಗಿ, ದನಿ ತಗ್ಗಿಸಿ, "ನಿನ್ನ ಆರಾಮ ಇಟ್ಟಾರೇನವ್ವಾ?" ಎಂದು ಕೇಳಿದರು.

ಇಂಥ ಪ್ರಶ್ನೆಗೆ ಗರತಿಯಾದವಳು ತಟ್ಟನೆ ಉತ್ತರ ಕೊಡಬೇಕು. ಇವಳು ಹಲಗೆಯನ್ನೊಮ್ಮೆ ನೋಡಿದಳು. ಚೀಲಗಳನ್ನೊಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಇಟ್ಟಾರಪ್ಪಾ. ಹಲಗಿ ಒಂದು ಖಾಲಿ ಆದ್ರ ಇನ್ನೂ ಆರಾಮ ಇರ್ತೀನಿ."

ನಾನು ರೈಲನ್ನು ಎತ್ತಿದೆ. ಕೊಂಡಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಇಂಜಿನ್ನು ಹಿಡಿದೆಳೆದದ್ದಕ್ಕೆ ಕೊನೆಯ ಬೋಗಿಯವರೆಗೂ ಇಡೀ ರೈಲು ಒಂದೇ ಸರವಾಗಿ ಮೇಲೆ ಬಂತು. ಆ ಸಾಧನೆಯನ್ನು ಯಾರೂ ಗಮನಿಸಲಿಲ್ಲ. ಜೋಳದ ಚೀಲ ಹೊರುವುದಕ್ಕೆ ಅಮಾವಾಸ್ಯೆಯ ಅಡ್ಡಿಯಿದೆಯೇ ಎಂದು ಮಾವನನ್ನು ಕೇಳಿದೆ. ಸ್ವಲ್ಪ ಯೋಚಿಸಿ, ಅದಕ್ಕೇನೂ ಇಲ್ಲ ಎಂದು ಹೇಳಿ ಅವರು ಎತ್ತುಗಳ ಮೈ ತಿಕ್ಕಲು ಹೋದರು. ಒಂದೊಂದೇ ಚೀಲ ಬೆನ್ನಿಗೇರಿಸಿಕೊಂಡು ನಾನು ಪಡಸಾಲೆಯಿಂದ ನಡುಕೋಣೆಗೆ ಓಡಾಡುತ್ತಿದ್ದೆ. ಬಾಗಿಲಾಚೆ ಎರಡೂ ಎತ್ತುಗಳು ನೆರಳಲ್ಲಿ ಮಲಗಿ, ಮೆಲುಕು ಹಾಕುತ್ತಾ, ನನ್ನನ್ನೇ ನೋಡುತ್ತಿದ್ದವು.